ನಮ್ಮ ಹೊಸ್ತಿಲು, ನಾಗನ ರೈಲು

ಹಳೆಯ ಹಲಸಿನ ತೊಲೆಗೆ ಗರಗಸ ಹಾಕಿದಾಗ ಒಂದು ವಾಸನೆ ಬರುತ್ತದೆ, ಅತ್ತ ಹಣ್ಣಿನದೂ ಅಲ್ಲ, ಇತ್ತ ಧೂಳಿನದೂ ಅಲ್ಲ. ಇಟ್ಟಮಡುವಿನ ಮರದಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ಅದು ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹಳೆಯ ಮನೆ ಕಳೆದುಕೊಂಡಿದ್ದರೆ ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಬಂದೊಡನೆ ನಿಮಗೆ ಕಣ್ಣು ತುಂಬಬಹುದು. ನನಗೆ ಮೊದಲು ಬರುವುದು ಹೊಟ್ಟೆಕಿಚ್ಚು. ಕಣ್ಣೀರು ಆಮೇಲೆ.

ಸುದ್ದಗುಂಟೆಪಾಳ್ಯದ ನಮ್ಮ ಮಣ್ಣುಗೋಡೆಯ ಮನೆಯನ್ನು ಕೆಡವಿದ್ದು ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ. ತೊಲೆ, ಹಲಗೆ, ಹೊಸ್ತಿಲು ಎಲ್ಲವನ್ನೂ ಅಪ್ಪ ಎತ್ತಿನ ಗಾಡಿಗೆ ಹೇರಿ ತಂದು ಜಯನಗರದ ಹೊಸ ಮನೆಯ ಹಿತ್ತಲಲ್ಲಿ ಒಟ್ಟಿದ. ಆ ರಾಶಿಯಲ್ಲಿ ನುಣುಪಾದ ಒಂದು ಅಗಲ ಹಲಗೆಯನ್ನು ನಾನು ಮೊದಲ ದಿನವೇ ನನ್ನ ಉಯ್ಯಾಲೆಗೆಂದು ಗುರುತು ಮಾಡಿಟ್ಟುಕೊಂಡಿದ್ದೆ. "ಉಳಿದ್ರೆ ಮಾಡ್ಕೊಡ್ತೀನಿ, ಇರವ್ವ" ಅಂದಿದ್ದ ಅಪ್ಪ. ಆ ಮಾತು ನಂಬಿ ಬಾವಿಯ ಹಳೇ ಹಗ್ಗಕ್ಕೂ ಹೊಂಚು ಹಾಕಿದ್ದೆ.

ಅಷ್ಟರಲ್ಲಿ ರೈಲು ಬಂತು. ಚಿಕ್ಕಪ್ಪ ಮಿಲಿಟರಿಯಲ್ಲಿದ್ದ, ವರ್ಷಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನ ಮಗ ನಾಗ, ನನ್ನದೇ ವಯಸ್ಸಿನವನು, ಚಿಕ್ಕಮ್ಮನ ಜೊತೆ ಪಕ್ಕದ ಮನೆಯಲ್ಲಿದ್ದ. ಆ ಸಲ ಚಿಕ್ಕಪ್ಪನ ಬದಲು ಕೀಲಿ ಕೊಟ್ಟರೆ ಓಡುವ ತಗಡಿನ ರೈಲು ಬಂತು, ಕಂಬಿಗಳ ಸಮೇತ. ಅವರ ಮನೆಯ ನೆಲ ಒರಟು ಚಪ್ಪಡಿ. ರೈಲು ಎರಡು ಮೊಳ ಓಡಿ ಮಗ್ಗುಲಾಗುತ್ತಿತ್ತು. "ಭಾವ, ಇದಕ್ಕೊಂದು ಗಟ್ಟಿ ಮೇಜು ಮಾಡ್ಕೊಟ್ಬಿಡಿ, ಮಗ ಅಳ್ತಾನೆ" ಅಂದಳು ಚಿಕ್ಕಮ್ಮ. ನಾನೂ ಅಳುತ್ತಿದ್ದೆ. ಅದು ಯಾರ ಕಿವಿಗೂ ಬೀಳಲಿಲ್ಲ.

ಅಪ್ಪನಿಗೆ ಗೊತ್ತಿದ್ದ ಮರಗೆಲಸವೆಂದರೆ ಗಾಡಿ ಕಟ್ಟುವುದು. ಮೇಜನ್ನೂ ಹಾಗೆಯೇ ಕಟ್ಟಿದ. ತೊಲೆ ಸೀಳಿ ಕಾಲು ಮಾಡಿ, ಕಾಲಿನ ತೂತಿಗೆ ಅಡ್ಡಪಟ್ಟಿ ಕೂರಿಸಿ, ಒಂದು ಮೊಳೆಯೂ ಇಲ್ಲದೆ ಬೆಣೆ ಹೊಡೆದು ಬಿಗಿದ. ಅಂಗೈಯಷ್ಟು ರೈಲಿಗೆ ರಾಗಿ ಮೂಟೆ ಹೊರುವಂಥ ಮೇಜು! ಅಪ್ಪ ಕೊಯ್ಯುವಾಗ ಮರದ ಇನ್ನೊಂದು ತುದಿ ಅದುಮಿ ಕೂರುವುದು ಯಾವತ್ತೂ ನನ್ನ ಕೆಲಸ. ಆ ಬೇಸಿಗೆ ಅಲ್ಲಿ ನಾಗ ಕೂತಿದ್ದ. ನನ್ನ ಉಯ್ಯಾಲೆಯ ಹಲಗೆ ಮೇಜಿನ ಮೇಲಕ್ಕೆ ಹೋಯಿತು. ಮುಂಭಾಗದ ಅಡ್ಡಪಟ್ಟಿಗೆ ಮರ ಸಾಲದೆ ಅಪ್ಪ ಹಳೇ ಮನೆಯ ಹೊಸ್ತಿಲನ್ನೇ ಕೂರಿಸಿಬಿಟ್ಟ. ಆಮೇಲೆ ನಾಗನನ್ನು ಎತ್ತಿ ಮೇಲೆ ನಿಲ್ಲಿಸಿ, "ಕುಣಿಯೋ, ಅಲುಗಾಡುತ್ತಾ ನೋಡೋಣ" ಅಂದ.

ಅಜ್ಜಿ ಬಂದಾಗ ಅವನು ಕುಣಿಯುತ್ತಿದ್ದ. "ಅಯ್ಯೋ, ಹೊಸ್ತಿಲು ಕಣೋ ಅದು! ಲಕ್ಷ್ಮೀನ ತಗೊಂಡೋಗಿ ಆಟದ ಸಾಮಾನಿಗೆ ಹಾಕಿದ್ಯಲ್ಲೋ!" ನನಗೆ ಒಳಗೊಳಗೇ ಹಬ್ಬ. ಈಗ ಬೆಣೆ ಬಿಚ್ಚಿಸುತ್ತಾಳೆ, ನನ್ನ ಹಲಗೆ ನನಗೆ ವಾಪಸ್ ಬರುತ್ತದೆ. ಆದರೆ ಅಜ್ಜಿ ನಾಗನ ಮುಖ ನೋಡಿದಳು, ಸುಮ್ಮನಾದಳು. ಪ್ರತಿ ಶುಕ್ರವಾರ ಆ ಪಟ್ಟಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಏರಿಸುವುದೆಂದು ತಾನೇ ಇತ್ಯರ್ಥ ಮಾಡಿದಳು. ಪೂಜೆಯಾಗುವ ತನಕ ರೈಲು ಹೊರಡುವಂತಿರಲಿಲ್ಲ. ಅಪ್ಪನ ಹಿಂದೆ ಅಜ್ಜಿಯೂ, ಅಜ್ಜಿಯ ಹಿಂದೆ ಲಕ್ಷ್ಮಿಯೂ ಪಕ್ಕದ ಮನೆಯ ಪಾಲಾದರು.

ಆ ಎರಡು ಮನೆಗಳೂ ಈಗಿಲ್ಲ, ಅಪ್ಪನೂ ಇಲ್ಲ. ಹೋದ ತಿಂಗಳು ಉತ್ತರಹಳ್ಳಿಯಲ್ಲಿ ನಾಗನ ಫ್ಲಾಟಿಗೆ ಹೋಗಿದ್ದೆ. ಕಿಟಕಿಯ ಕೆಳಗೆ ಅದೇ ಮೇಜು. ಹೊಸ್ತಿಲಿನ ಗೆರೆಗಳಲ್ಲಿ ಅಜ್ಜಿಯ ಅರಿಶಿನ ಇನ್ನೂ ಉಳಿದಿತ್ತು.

"ಇದನ್ನ ನಂಗೆ ಕೊಡೋ, ನಾಗ."

ಅವನು ಅಟ್ಟದಿಂದ ಒಂದು ಡಬ್ಬಿ ಇಳಿಸಿ ತಂದು ನನ್ನ ಕೈಗಿಟ್ಟ. ಒಳಗೆ ತುಕ್ಕು ಹಿಡಿದ ರೈಲು. "ಬೇಕಾದ್ರೆ ಇದನ್ನ ತಗೊಂಡ್ಹೋಗು. ನಮ್ಮಪ್ಪ ಕಳಿಸಿದ್ದು. ಮೇಜು ಮಾತ್ರ ಕೇಳ್ಬೇಡ ಕಣೇ. ದೊಡ್ಡಪ್ಪ ನನ್ನನ್ನ ಜೊತೇಲಿ ಕೂರಿಸ್ಕೊಂಡು ಮಾಡಿದ್ದು. ನಿಂಗಾದ್ರೆ ಅವ್ರು ದಿನಾ ಸಿಗ್ತಿದ್ರು."

ಅವನು ಕಾಫಿ ತರಲು ಒಳಗೆ ಹೋದಾಗ ಮೇಜಿನ ಮೂಲೆಯನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಜಗ್ಗಿದೆ. ಕೊಂಚವಾದರೂ ಅಲುಗಾಡಿದ್ದರೆ, ಅಪ್ಪ ಅವನಿಗೆ ಮಾಡಿಕೊಟ್ಟದ್ದು ಅರೆಮನಸ್ಸಿನಿಂದ ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಂದಿಷ್ಟೂ ಅಲುಗಾಡಲಿಲ್ಲ.