ಲಿಂಗಸುಗೂರಿಗೆ ಮಾತಾಡಿಸಲು ಹೋದದ್ದು

ಬಸ್ಸು ತಪ್ಪಬಹುದಿತ್ತು. ತಪ್ಪದಿದ್ದರೆ ಮಸ್ಕಿಯ ಹತ್ತಿರ ಟೈರು ಒಡೆದು, ನಾನು ಲಿಂಗಸುಗೂರು ಮುಟ್ಟುವಷ್ಟರಲ್ಲಿ ಕತ್ತಲಾಗಿ, ಸಾವಾದ ಮನೆಯವರು ನನಗೆ ಹಾಸಿಗೆ ಹಾಸಿಕೊಡುವ ಪ್ರಸಂಗ ಬರಬಹುದಿತ್ತು. ಮನೆ ಸಿಗದೆ, ಕೇಳಲು ಬಾಯಿ ಬಾರದೆ, ಒಂದೇ ಓಣಿಯಲ್ಲಿ ಹಿಂದೆ ಮುಂದೆ ತಿರುಗಿ ನಾಯಿಗಳ ಬಾಯಿಗೆ ಸಿಗಬಹುದಿತ್ತು. ಅದು ಸಾವಾದ ಮನೆಗೆ ಹೋಗಬಾರದ ವಾರವಾಗಿರಬಹುದಿತ್ತು. ಹೆಂಡತಿಯನ್ನು ಕೇಳಿ ಕೇಳಿ ಖಾತ್ರಿ ಮಾಡಿಕೊಂಡಿದ್ದೆ, ಆದರೂ ಆಕೆಯೇ ತಪ್ಪಿರಬಹುದಿತ್ತು. ಹೊಸ್ತಿಲಲ್ಲಿ ನಿಂತು, ರೂಢಿಯಂತೆ, "ಆರಾಮ ಅದೀರೇನ್ರಿ?" ಎಂದುಬಿಡಬಹುದಿತ್ತು. ಎಲ್ಲರೂ ಅಳುವಾಗ ನನಗೆ ಕಣ್ಣೀರೇ ಬಾರದಿರಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ನಗು ಬರಬಹುದಿತ್ತು; ಹೆದರಿದಾಗ ನನಗೆ ನಗು ಬರುವ ರೋಗವಿದೆ. ಆ ಮೌನದ ನಡುವೆ ಕಿಸೆಯೊಳಗಿನ ಮೊಬೈಲು ಕುಣಿತದ ಹಾಡು ಹೇಳಬಹುದಿತ್ತು. ಗೆಳೆಯ ನನ್ನನ್ನು ನೋಡಿ ಮುಖ ತಿರುಗಿಸಬಹುದಿತ್ತು. ಮುಖ ತಿರುಗಿಸದೆಯೂ, ಸುಮ್ಮನೆ, ಮಾತಾಡದೇ ಇರಬಹುದಿತ್ತು.

ಈ ಕೊನೆಯದೊಂದೇ ನಿಜವಾದ ಚಿಂತೆ. ಉಳಿದವು ಅದರ ಸುತ್ತ ಕಟ್ಟಿಕೊಂಡ ಬೇಲಿ.

ಸಿಂಧನೂರಿನ ಕಚೇರಿಯಲ್ಲಿ ನಾವಿಬ್ಬರೂ ಎಷ್ಟೋ ವರ್ಷ ಅಕ್ಕಪಕ್ಕದ ಟೇಬಲ್ಲಿನಲ್ಲಿ ಕೂತವರು. ಕೂತವರು ಇಬ್ಬರಾದರೂ ಮಾತಾಡುತ್ತಿದ್ದವನು ಅವನೊಬ್ಬನೇ. ಸಾಹೇಬರ ಹತ್ತಿರ ಹೋಗಿ ನನಗೆ ರಜೆ ಕೇಳುತ್ತಿದ್ದವನು ಅವನು. ನನ್ನ ಚಹಾಕ್ಕೆ ಸಕ್ಕರೆ ಕಮ್ಮಿ ಬಿದ್ದಿದೆ ಎಂದು ನನ್ನ ಮುಖ ನೋಡಿಯೇ ತಿಳಿದು ಕೂಗುತ್ತಿದ್ದವನು ಅವನು. ಕಾಲುವೆ ನೀರಿನ ತಕರಾರು ಹೊತ್ತುಕೊಂಡು ರೈತರು ಯಾರಾದರೂ ಏರುದನಿಯಲ್ಲಿ ನನ್ನ ಮುಂದೆ ನಿಂತರೆ, "ಯಜಮಾನ್ರ, ಈ ಕಡೆ ಬರ್ರಿ. ಆ ಟೇಬಲ್ಲಿಗೆ ಬಾಯಿಲ್ಲ" ಎಂದು ತನ್ನ ಕಡೆ ಕರೆದುಕೊಳ್ಳುತ್ತಿದ್ದ. ಆಮೇಲೆ ಅವನಿಗೆ ತನ್ನೂರಾದ ಲಿಂಗಸುಗೂರಿಗೆ ವರ್ಗವಾಯಿತು. ನಾನು ಸಿಂಧನೂರಿನಲ್ಲಿ ಬಾಯಿಲ್ಲದ ಟೇಬಲ್ಲಿನ ಹಿಂದೆ ಉಳಿದೆ.

ಅವನ ಹೆಂಡತಿ ತೀರಿಕೊಂಡಾಗ ನಾನು ಜ್ವರ ಬಂದು ಮಲಗಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಕೆಲವು ದಿನ ಬಿಟ್ಟು ಅವನ ತಮ್ಮನ ಫೋನು ಬಂತು.

"ಅಣ್ಣ ಯಾರ ಕೂಡಾನೂ ಮಾತಾಡವಲ್ಲರಿ. ಹ್ಞೂಂ ಅನ್ನಂಗಿಲ್ಲ, ಹ್ಞಾಂ ಅನ್ನಂಗಿಲ್ಲ. ಅಳಂಗೂ ಇಲ್ಲ. ಗ್ವಾಡಿ ನೋಡಿಕೋಂತ ಕುಂತುಬಿಟ್ಟಾನ. ನೀವೊಮ್ಮೆ ಬಂದು ಮಾತಾಡಿಸ್ರಿ. ಮಾತಾಡಿದ್ರ ನಿಮ್ಮ ಮುಂದ ಮಾತಾಡ್ಯಾನು."

ಜಿಲ್ಲೆಯಲ್ಲಿ ಇಷ್ಟು ಮಂದಿ ಇರುವಾಗ ಒಬ್ಬನ ಬಾಯಿ ಬಿಡಿಸಲು ನನ್ನನ್ನು ಹುಡುಕಿದ್ದರು.

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ 'ಮಾತಾಡಿಸಿಕೊಂಡು ಬರೋದು' ಅನ್ನುತ್ತೇವೆ. ಮದುವೆಯಾದಾಗಿನಿಂದ ಈ ಕೆಲಸ ನನ್ನ ಹೆಂಡತಿಯದು. ಅವಳು ಒಳಗೆ ಹೋಗಿ ಹೆಂಗಸರ ಕೈ ಹಿಡಿದು ಕೂತರೆ, ನಾನು ಪಡಸಾಲೆಯಲ್ಲಿ ಜಂತಿ ಎಣಿಸುತ್ತಾ ಕೂಡುತ್ತಿದ್ದೆ. ಅವಳು ಹೊರಬಂದರೆ ನಾನೂ ಹೊರಬೀಳುತ್ತಿದ್ದೆ. ಈ ಸಲ ಅವಳು ಕಾಲು ಉಳುಕಿಸಿಕೊಂಡು ಮಂಚ ಹಿಡಿದಿದ್ದಳು.

"ನೀವೊಬ್ರ ಹೋಗಿ ಬರ್ರಿ. ಅಲ್ಲೇನು ಭಾಷಣ ಮಾಡೋದೈತಿ?" ಎಂದಳು. ಆಮೇಲೆ, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಂಗಂತ ಸುಮ್ನ ಕುಂತು ಎದ್ದು ಬರಬ್ಯಾಡ್ರಿ ಮತ್ತ. ಅವ್ರು ಕರದಾರ" ಎಂದಳು.

ಒಂದು ಧೈರ್ಯವಿತ್ತು. ಆ ಹೊತ್ತಿಗೆ ನಾನು ಮಾತು ಕಲಿಯತೊಡಗಿದ್ದೆ. ಈ ವಯಸ್ಸಿನಲ್ಲಿ ಕಲಿಯುವ ವಿದ್ಯೆಯೇ ಅದು ಎಂದು ಕೇಳಬೇಡಿ. ಅದಕ್ಕೆ ಕಾರಣ ತುರ್ವಿಹಾಳದ ಬಸ್ಸು. ಊರಿನ ಈಚೆಗೆ, ಬೀಗರ ಹೊಲದ ಹತ್ತಿರ ಇಳಿಯಬೇಕಿತ್ತು. ಕಂಡಕ್ಟರು ಮುಂದೆ ಡ್ರೈವರನ ಜೊತೆ ಹರಟುತ್ತಿದ್ದ. 'ಹೋಲ್ಡಾನ್' ಎಂದು ಒಂದು ಕೂಗು ಹಾಕಿದ್ದರೆ ಬಸ್ಸು ನಿಲ್ಲುತ್ತಿತ್ತು. ಕೂಗು ಗಂಟಲಿನವರೆಗೂ ಬಂತು. ಅಷ್ಟು ಜನ ತಿರುಗಿ ನೋಡುತ್ತಾರಲ್ಲ ಎಂದು ಅಲ್ಲೇ ಕೂತಿತು. ಹೊಲ ಹಿಂದೆ ಹೋಯಿತು. ಊರೊಳಗೆ ಇಳಿದು, ಬಿಸಿಲಲ್ಲಿ ಗದ್ದೆಯ ಪಕ್ಕದ ದಾರಿ ಹಿಡಿದು ವಾಪಸ್ ನಡೆದು ಹೋದೆ. ಬೀಗರ ಮುಂದೆ, "ನಡೀಬೇಕು ಅನ್ನಿಸ್ತು, ಅದಕ್ಕ ಮುಂದ ಇಳಿದೆ" ಎಂದೆ. ಬಸ್ಸಿನಲ್ಲಿ ನಿದ್ದೆ ಹೋಗಿ, ಆಮೇಲೆ ನನ್ನ ಜೊತೆ ಬಿಸಿಲಲ್ಲಿ ನಡೆದ ಮಗಳು ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ, "ಅಪ್ಪಾ, ನೀ ಬಾಯಿ ಬಿಟ್ರ ಮುತ್ತು ಉದುರ್ತಾವೇನು?" ಎಂದು ಶುರುವಿಟ್ಟಳು.

ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ಪಾಠ ಹೇಳದೆ ಬಿಡುವವಳಲ್ಲ. ದಿನಕ್ಕೊಬ್ಬ ಅಪರಿಚಿತನ ಜೊತೆ ಮಾತಾಡಬೇಕು, ಮುಖ ನೋಡಿ ಮಾತಾಡಬೇಕು, ಹೌದು-ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಕೇಳಬಾರದು. ಮನಸ್ಸಿನೊಳಗಿನದು ಹೊರಗೆ ಬರುವಂಥ ಪ್ರಶ್ನೆ ಕೇಳಬೇಕು. ನಾನು ಕ್ಷೌರದಂಗಡಿಯಿಂದ ಆರಂಭಿಸಿದೆ; ಅಲ್ಲಿ ಎದುರಿಗೆ ಕನ್ನಡಿ ಇರುವುದರಿಂದ ಮುಖ ನೋಡುವುದು ಸುಲಭ.

"ಈ ಬಿಸಿಲು ನಿಮಗ ಹೆಂಗ ಅನಸ್ತೈತಿ?" ಎಂದು ಕೇಳಿದೆ.

ಕ್ಷೌರಿಕ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಬಿಸಿಲು ಅನಸ್ತೈತ್ರಿ" ಎಂದ.

ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ, "ಇವತ್ತು ವ್ಯಾಪಾರ ಹೆಂಗ ನಡದೈತಿ?" ಎಂದರೆ ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, "ಯಾಕ್ರಿ? ನೀವು ಯಾವ ಆಫೀಸಿನವ್ರು?" ಎಂದಳು. ಆದರೂ ಬಿಡಲಿಲ್ಲ. ನಾಚಿಕೆಯಾದರೂ ಹೇಳಿಬಿಡುತ್ತೇನೆ, ನನಗೆ ರುಚಿ ಹತ್ತಿತ್ತು. ಚಹಾದಂಗಡಿಯಲ್ಲಿ ಮಂದಿ ನನ್ನನ್ನು ನೋಡಿ ಜಾಗ ಬಿಡತೊಡಗಿದರು. ಅದು ಗೌರವವೋ ಭಯವೋ ಎಂದು ನಾನು ವಿಚಾರಿಸಲಿಲ್ಲ.

ಇಷ್ಟು ಬಂಡವಾಳ ಇಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ದಾಟುವವರೆಗೂ ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಒಪ್ಪಿಸುತ್ತಿದ್ದೆ. ದನಿ ಸ್ವಲ್ಪ ಹೊರಗೆ ಬಂದಿರಬೇಕು. ಪಕ್ಕದಲ್ಲಿ ಕೂತಿದ್ದ ಮುದಗಲ್ಲಿನ ಹಿರಿಯ, "ಏನಂದ್ರಿ? ಕೆಟ್ಟ ಆತಾ? ಯಾರಿಗೆ?" ಎಂದ. ಹೇಳಿದೆ. ಅವನು ಕೂಡಲೇ ನನ್ನ ಸಮಸ್ಯೆಯನ್ನು ತನ್ನದು ಮಾಡಿಕೊಂಡ.

"ಭಾಳ ಸಸಾರ ಐತ್ರಿ. ಹೊಸ್ತಿಲದಾಗ ನಿಂತು ಗಟ್ಟಿ ಅತ್ತುಬಿಡ್ರಿ. ಆಮ್ಯಾಲ ಯಾರೂ ನಿಮ್ಮನ್ನ ಏನೂ ಕೇಳಂಗಿಲ್ಲ. ನಾ ಎಲ್ಲಾ ಕಡೆ ಹಂಗ ಮಾಡ್ತೀನಿ."

"ಅಳು ಬರ್ಲಿಲ್ಲಂದ್ರ?"

"ಟವಲ್ ಐತಲ್ಲರಿ."

ನನ್ನ ಹತ್ತಿರ ಕರವಸ್ತ್ರ ಮಾತ್ರ ಇತ್ತು. ಅದೊಂದು ಹೊಸ ಚಿಂತೆಯಾಯಿತು.

ಲಿಂಗಸುಗೂರಿನಲ್ಲಿ ಮನೆ ಸುಲಭವಾಗಿ ಸಿಕ್ಕಿತು. ಒಬ್ಬನನ್ನು ಮುಖ ನೋಡಿ ಕೇಳಿದೆ. ಅವನು ಕೈ ಮಾಡಿ ತೋರಿಸಿದ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಗೆಳೆಯನ ತಮ್ಮ, ಓಣಿಯ ಕೆಲವು ಗಂಡಸರು, ಬಾಗಿಲ ಹತ್ತಿರ ಅವನ ದೊಡ್ಡವ್ವ. ಅವನು ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿದ, ನೋಡಿದ ಅಷ್ಟೇ. ತಮ್ಮ ಎದ್ದು ನನ್ನನ್ನು ಅವನ ಪಕ್ಕಕ್ಕೇ ಕೂಡಿಸಿದ. ಎಲ್ಲರೂ ಮಾತು ನಿಲ್ಲಿಸಿ ನನ್ನ ಬಾಯಿ ನೋಡತೊಡಗಿದರು.

"ಭಾಳ ಕೆಟ್ಟ ಆತು" ಎಂದೆ. ಅವನು ಎದುರಿನ ಗೋಡೆ ನೋಡಿದ.

ಹೌದು-ಅಲ್ಲ ಎಂದು ಮುಗಿಯದ ಪ್ರಶ್ನೆ ಬೇಕಿತ್ತು. ಅವನ ಮುಖವನ್ನೇ ನೋಡುತ್ತಾ, "ಈಗ ನಿನಗ ಏನ ಅನಸಾಕತ್ತೈತಿ?" ಎಂದು ಕೇಳಿದೆ.

ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡರು. ತಮ್ಮ ತಲೆ ತಗ್ಗಿಸಿದ. ಕ್ಷೌರಿಕನಾದರೂ ಒಂದು ಉತ್ತರ ಕೊಟ್ಟಿದ್ದ. ಇವನು ತನ್ನ ಕಾಲಿನ ಹೆಬ್ಬೆರಳು ನೋಡುತ್ತಾ ಕೂತ. ಹೊರಗೆ ಯಾರೋ ಬೈಕು ನಿಲ್ಲಿಸಿದ ಸದ್ದು, ಒಳಗೆ ಪಾತ್ರೆಯ ಸದ್ದು. ಕಲಿತದ್ದೆಲ್ಲಾ ಖಾಲಿಯಾಯಿತು. ಏನಾದರೂ ಹೇಳಲೇಬೇಕೆಂಬ ಗಾಬರಿಯಲ್ಲಿ, ಅವನ ಹೆಂಡತಿಯ ಬಗ್ಗೆ ನನಗೆ ಗೊತ್ತಿದ್ದ ಒಂದೇ ಒಂದು ಸಂಗತಿ ಬಾಯಿಂದ ಜಾರಿತು. ಸಿಂಧನೂರಿನಲ್ಲಿ ಇದ್ದಷ್ಟೂ ದಿನ ಅವರು ಅವನ ಬುತ್ತಿಯ ಜೊತೆ ನನಗೂ ಒಂದು ಡಬ್ಬಿ ಕಳಿಸುತ್ತಿದ್ದರು.

"ವೈನಿ ಪುಂಡಿಪಲ್ಯಾಕ್ಕ ಉಪ್ಪು ಜಾಸ್ತಿ ಹಾಕ್ತಿದ್ರು" ಎಂದೆ.

ಭೂಮಿ ಬಾಯಿ ಬಿಡುವುದು ಎನ್ನುತ್ತಾರಲ್ಲ, ಬಿಡಲಿಲ್ಲ. ಜಮಖಾನೆ ಇದ್ದಂತೆಯೇ ಇತ್ತು. ಅವನು ತಲೆ ಎತ್ತಿದ.

"ಏನಂದಿ?"

ತಮ್ಮ ಅರ್ಧ ಎದ್ದ. "ಉಪ್ಪು..." ಎಂದೆ.

"ಉಪ್ಪಂತ ಉಪ್ಪು! ಡಬ್ಬಿ ನೆಕ್ಕಿ, ತೊಳದಂಗ ಮಾಡಿ ಕಳಿಸ್ತಿದ್ದೆಲ್ಲಲೇ. ಆವಾಗ ನಾಲಿಗಿ ಎಲ್ಲಿಟ್ಟಿದ್ದಿ?"

"ಹೇಳಾಕ ಆಗಲಿಲ್ಲ."

"ಆಕಿ ದಿನಾ ಕೇಳಾಕಿ. ನಿಮ್ಮ ಗೆಳೆಯಾರು ಏನಂದ್ರು, ಪಲ್ಯಾ ಹೆಂಗಾಗಿತ್ತಂತ ಅಂತ. ನೀ ಒಂದಿನ ಚಲೋ ಅಂದಿದ್ದೇನು, ಕೆಟ್ಟೈತಿ ಅಂದಿದ್ದೇನು? 'ಭಾಳ ಚಲೋ ಆಗೇತಿ ಅಂದಾನ' ಅಂತ ನಾನಽ ದಿನಾ ಒಂದು ಸುಳ್ಳು ಹೇಳ್ತಿದ್ದೆ. ಅದನ್ನ ಕೇಳಿ ಆಕಿ..."

ಅಲ್ಲಿಗೆ ಅವನ ದನಿ ಒಡೆಯಿತು. ನನ್ನ ತೋಳು ಹಿಡಿದುಕೊಂಡು ಅತ್ತ. ದೊಡ್ಡವ್ವ, "ಅಳಲಿ ಬಿಡ್ರಿ, ಅಳಲಿ" ಎಂದು ತಾವೂ ಅತ್ತರು. ಆಮೇಲೆ ಅವನು ಮಾತಾಡಿದ. ದವಾಖಾನೆಯ ಮಾತು, ಕೊನೆಯ ಬೆಳಿಗ್ಗೆ ಅವಳು ನೀರು ಕೇಳಿದ್ದು, ಸಿಂಧನೂರಿನ ಬಾಡಿಗೆ ಮನೆಯ ಸುದ್ದಿ, ಎಲ್ಲ. ತಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಈಗ ಹೇಳಬೇಕಾದ್ದು ಇದು. ಅವನು ನನ್ನ ತೋಳು ಹಿಡಿದು ಅಳುತ್ತಿದ್ದಾಗ, ಎಷ್ಟೋ ವರ್ಷ ನನ್ನ ಹೊಟ್ಟೆಗೆ ಹಾಕಿದ ಹೆಣ್ಣುಮಗಳಿಗೆ ನಾನೊಂದು ಒಳ್ಳೆಯ ಮಾತು ಹೇಳಿರಲಿಲ್ಲ ಎಂದು ಆಗಷ್ಟೇ ಕೇಳಿದ್ದ ನಾನು, ಒಳಗೊಳಗೇ ಹಿಗ್ಗುತ್ತಿದ್ದೆ. ಆಯಿತು, ಮಾತಾಡಿಸಿದೆ! ಇವರ್ಯಾರ ಕೈಲೂ ಆಗದ್ದನ್ನು ನಾನು ಮಾಡಿದೆ! ಸಿಂಧನೂರಿಗೆ ಹೋಗಿ ಮಗಳ ಮುಂದೆ ಹೇಗೆ ಹೇಳುವುದು ಎಂದು ಅಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವನ ಕಣ್ಣೀರಿನಿಂದ ನನ್ನ ಅಂಗಿಯ ತೋಳು ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಬಾರದು, ಬಸ್ಸಿನಲ್ಲಿ ನಾಲ್ಕು ಜನ ನೋಡಲಿ ಎಂದೂ ಅನ್ನಿಸಿತು. ಇದನ್ನು ನೆನೆದರೆ ಈಗಲೂ ಒಬ್ಬನೇ ಇದ್ದಾಗ ಬಾಯಿಂದ "ಥೂ" ಎಂದು ಬಂದುಬಿಡುತ್ತದೆ. ಹೆಂಡತಿ, "ಏನಾತ್ರಿ?" ಅನ್ನುತ್ತಾಳೆ. "ಏನಿಲ್ಲ, ನೊಣ" ಅನ್ನುತ್ತೇನೆ.

ಹೊರಡುವ ಹೊತ್ತಾಯಿತು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಎನ್ನುವಂತಿಲ್ಲ. ಅಂಥ ಮನೆಗೆ ಮತ್ತೆ ಬರುವ ಪ್ರಸಂಗ ಯಾರಿಗೂ ಬೇಡ. ಹೇಳದೆ ಕೇಳದೆ ಎದ್ದು ನಡೆಯಬೇಕು, ಮನೆಯವರೂ ಬಾ ಅನ್ನುವುದಿಲ್ಲ. ಮಕ್ಕಳಿಗೂ ಗೊತ್ತಿರುವ ಸಂಗತಿ. ನಾನಂತೂ ಮದುವೆ ಮನೆಯಿಂದಲೂ ಹಾಗೆಯೇ ಎದ್ದು ಹೋದವನು. ಭೂಮಿಯ ಮೇಲೆ ನನ್ನ ಹುಟ್ಟುಗುಣವೇ ಸರಿ ಅನ್ನಿಸಿಕೊಳ್ಳುವ ಮನೆ ಅದೊಂದೇ. ಆದರೆ ಆ ಗಳಿಗೆಯಲ್ಲಿ ನಾನು ನಾನಾಗಿರಲಿಲ್ಲ, ಗೆದ್ದವನಾಗಿದ್ದೆ. ಎದ್ದು ನಿಂತೆ. ತಮ್ಮನ ಕೈ ಕುಲುಕಿದೆ. ಓಣಿಯ ಗಂಡಸರಿಗೆ ಒಬ್ಬೊಬ್ಬರಿಗೂ ನಮಸ್ಕಾರ ಮಾಡಿದೆ. ದೊಡ್ಡವ್ವನ ಮುಂದೆ ಬಂದು, ಮುಖ ನೋಡಿ, ತುಂಬು ದನಿಯಲ್ಲಿ ಹೇಳಿದೆ.

"ಹೋಗಿ ಬರ್ತೀನ್ರಿ ಯವ್ವಾ. ಎಲ್ಲಾರ ಕೂಡ ಮಾತಾಡಿ ಭಾಳ ಸಂತೋಷ ಆತು. ಹಿಂಗಽ ಆಗಾಗ ಕೂಡಿಕೋಂತ ಇರೋಣ್ರಿ."

ಒಳಗೆ ಪಾತ್ರೆಯ ಸದ್ದೂ ನಿಂತಿತು.

"ಏನಂತಾನ ಬೇ ಇವಾ?" ದೊಡ್ಡವ್ವ ನನ್ನನ್ನು ಬಿಟ್ಟು ಒಳಗಿನ ಹೆಂಗಸರನ್ನು ಕೇಳಿದರು. "ಹಿಂಗಽ ಕೂಡೋದಂತ? ಈ ಮನ್ಯಾಗ ಇನ್ನ ಯಾರ ಹೋಗಬೇಕಂತ?"

ಹೇಳಿದ್ದು ಏನೆಂದು ಆಗ ನನಗೆ ಕೇಳಿಸಿತು. ಎಲ್ಲವೂ ಒಮ್ಮೆಗೇ. ತಮ್ಮ ಮುಖ ಬೇರೆ ಕಡೆ ಮಾಡಿದ್ದ. ಓಣಿಯ ಗಂಡಸರಲ್ಲಿ ಒಬ್ಬ ಕೆಮ್ಮಿದ. ಆಗ ಗೋಡೆಯ ಹತ್ತಿರದಿಂದ, ಅತ್ತು ಗೊಗ್ಗರಾದ ಅದೇ ದನಿ ಬಂತು.

"ದೊಡ್ಡವ್ವ, ಅವ ಅಂದದ್ದು ಹಂಗಲ್ಲ. 'ನಿಮ್ಮ ಸಂಕಟದಾಗ ನಾನೂ ಅದೀನಿ' ಅಂದ."

ನಾನು ಹಾಗೆ ಅಂದಿರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಹೆಂಡತಿ ಸತ್ತು ಕೂತವನು, ಇಷ್ಟು ದಿನದ ಮೇಲೆ ಬಾಯಿ ಬಿಟ್ಟವನು, ಆ ಬಾಯಿಯನ್ನು ಮೊದಲು ನನ್ನ ಪರವಾಗಿ ಖರ್ಚು ಮಾಡುತ್ತಿದ್ದ.

ದೊಡ್ಡವ್ವ ನನ್ನ ಕಡೆ ತಿರುಗಿದರು. "ಹೌದೇನಪಾ?" ಎಂದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆ ಎರಡಕ್ಷರ ನನ್ನ ಬಾಯಿಂದ ಬರಲಿಲ್ಲ.