ಗಾಳಿ ಪಾಸಾಗುವ ತನಕ

ನಾನು ಕುಳಿತಲ್ಲಿ ಕೂರುವವಳಲ್ಲ. ಗಣಿತದ ಪಾಠ ಮಾಡುವಾಗಲೂ ಬೋರ್ಡಿಗೂ ಕಿಟಕಿಗೂ ನಡುವೆ ಓಡಾಡುತ್ತೇನೆಂದು ಹೈಸ್ಕೂಲಿನ ಮಕ್ಕಳು ಬೆನ್ನ ಹಿಂದೆ ನಗುತ್ತಾರೆ. ಗುಂಡ್ಲುಪೇಟೆಯ ಅಂಚಿನಲ್ಲಿ, ಗೋಪಾಲಸ್ವಾಮಿ ಬೆಟ್ಟ ಕಾಣುವ ಸೈಟಿನಲ್ಲಿ ಮನೆ ಕಟ್ಟಿಸಿದ ವರ್ಷವಂತೂ ನನ್ನ ಕಾಲಿಗೆ ಚಕ್ರ ಕಟ್ಟಿದಂತಿತ್ತು. ಕಾರಣ ಮನೆಯಲ್ಲ, ಮಗಳು.

ಆಗ ನಾವು ಊಟಿ ರಸ್ತೆಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿದ್ದೆವು. ಕೇರಳದ ಲಾರಿಗಳ ಹೊಗೆಯೆಲ್ಲ ನಮ್ಮ ಹಜಾರಕ್ಕೇ ಬರುತ್ತಿತ್ತು. ಮೂರನೇ ಕ್ಲಾಸಿನ ಮಗಳಿಗೆ ಉಬ್ಬಸ. ಉಸಿರೆಳೆದರೆ ಎದೆಯೊಳಗೆ ಸಣ್ಣ ಸಿಳ್ಳೆ ಕೇಳುತ್ತಿತ್ತು. ಹೊಗೆ, ಧೂಳು, ಹೊಸ ಪೇಂಟು ಯಾವುದೂ ಅವಳ ಹತ್ತಿರ ಸುಳಿಯಬಾರದೆಂದು ಚಾಮರಾಜನಗರದ ಡಾಕ್ಟರು ಹೇಳಿದರು. ಕುದೇರಿನಲ್ಲಿರುವ ನನ್ನ ತವರಿನಲ್ಲಿ ಅವಳನ್ನು ಬಿಟ್ಟು ಅಲ್ಲಿಯ ಶಾಲೆಗೇ ಸೇರಿಸಿದೆವು. ಹೊಸ ಮನೆಯ ಗಾಳಿ ಸರಿಯಾಗಿದೆ ಎಂದು ಗೊತ್ತಾದ ಕೂಡಲೇ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ಬಂದೆ. ಪ್ರತಿ ಶನಿವಾರ ಶಾಲೆ ಬಿಟ್ಟವಳೇ ಚಾಮರಾಜನಗರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದರಲ್ಲಿ ಹೋಗಿ ಸಂತೆಮರಹಳ್ಳಿಯಲ್ಲಿ ಇಳಿದು, ಮುಂದಿನ ಬಸ್ಸು ಯಾಕೆ ಬರಲಿಲ್ಲವೆಂದು ಸ್ಟ್ಯಾಂಡಿನವರನ್ನೆಲ್ಲ ಪೀಡಿಸಿ, ಅಂತೂ ಊರು ಸೇರಿದರೆ, ಅವಳು ಬಾಗಿಲಲ್ಲೇ ಕೇಳುತ್ತಿದ್ದಳು:

"ಗಾಳಿ ಪಾಸಾಯ್ತಾಮ್ಮ?"

ಕಟ್ಟಡಗಳಿಗೂ ಹಸಿರು ಪ್ರಮಾಣಪತ್ರ ಕೊಡುತ್ತಾರೆಂದು ಮೊದಲು ಹೇಳಿದವರು ನಮ್ಮ ಎಂಜಿನಿಯರು. ಮಳೆನೀರು ಇಂಗಿಸಿದರೆ ಇಷ್ಟು ಅಂಕ, ಪಾಯ ತೆಗೆಯುವ ಮುಂಚೆ ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೈತೋಟಕ್ಕೆ ಬಳಸಿದರೆ ಇಷ್ಟು, ಎದುರುಬದುರು ಕಿಟಕಿಗಳಿಗೆ ಇಷ್ಟು, ಘಾಟಿಲ್ಲದ ಪೇಂಟಿಗೆ ಇಷ್ಟು. ಎಲ್ಲ ಮುಗಿದ ಮೇಲೆ, ವಾಸಕ್ಕೆ ಹೋಗುವ ಮುನ್ನ, ಕೆಲವು ವಾರ ಕಿಟಕಿ ತೆರೆದಿಟ್ಟು ಒಳಗಿನ ಘಾಟನ್ನೆಲ್ಲ ಹೊರಗೆ ಹೋಗಲು ಬಿಟ್ಟು, ಮೆಷಿನ್ ಇಟ್ಟು ಗಾಳಿಯನ್ನು ಅಳೆಸಬಹುದು. ಉಳಿದದ್ದನ್ನು ಅರ್ಧ ಕೇಳಿದ ನಾನು ಈ ಮಾತಿಗೆ ಕಿವಿ ನಿಮಿರಿಸಿದೆ. "ಪೇಪರ್ ತಿದ್ದಿ ತಿದ್ದಿ ನಿಂಗೆ ಮನೆಗೂ ಮಾರ್ಕ್ಸ್ ಬೇಕು," ಎಂದು ಗಂಡ ನಕ್ಕರು. ಬೇಕಿತ್ತು. ಆ ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಗುಂಗಿನ ಹಾಗೆ ಕೂತಿತ್ತು. ಯಾರಾದರೂ ಅಳೆದು ನೋಡಿ ಸರಿಯಿದೆ ಎನ್ನದೆ ನಾನು ಮಗಳನ್ನು ತರುವವಳಿರಲಿಲ್ಲ.

ನಮ್ಮ ಜೊತೆಗೇ ಇದ್ದ ಅತ್ತೆಗೆ ಗಾಳಿ ಅಳೆಯುವುದೆಂದರೇನೆಂದೇ ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ಮನೆಯ ಗಾಳಿ ಶುದ್ಧವಾಗುವುದು ಸಾಂಬ್ರಾಣಿಯಿಂದ. ಮಗಳು ಕೂಸಾಗಿದ್ದಾಗ ನೀರೆರೆದು, ಒದ್ದೆ ತಲೆಗೆ ಸಾಂಬ್ರಾಣಿ ಹೊಗೆ ಹಿಡಿದು, ತಮ್ಮ ಸೆರಗಿನಲ್ಲಿ ಸುತ್ತಿ ಮಲಗಿಸುತ್ತಿದ್ದವರು ಅವರೇ. ಡಾಕ್ಟರ ಮಾತು ಕೇಳಿದ ದಿನವೇ ಧೂಪದ ಬಟ್ಟಲನ್ನು ತೊಳೆದು ಅಟ್ಟಕ್ಕೆ ಹಾಕಿದರು. ಮಗಳು ಕುದೇರಿಗೆ ಹೋದ ಮೇಲೆ ಅದು ಸದ್ದಿಲ್ಲದೆ ಕೆಳಗಿಳಿಯಿತು. ಕೂಸಿಲ್ಲದ ಮನೆ ತಾನೇ ಎಂದು ನಾನೂ ಸುಮ್ಮನಿದ್ದೆ.

ಮೆಷಿನ್ನಿನವರು ಮೈಸೂರಿನಿಂದ ಬರುವ ದಿನ ನಾನು ಮೊದಲ ಪೀರಿಯಡ್ ಮುಗಿಸಿ ಹೊಸ ಮನೆಗೆ ಓಡಿ ಬಂದೆ. ಗೇಟಿನ ಹತ್ತಿರವೇ ಅವರೂ ಜೊತೆಯಾದರು. ಕಸ ಗುಡಿಸಲೆಂದು ಬೀಗದ ಕೈ ಅತ್ತೆಯ ಹತ್ತಿರ ಇತ್ತು. ಗೇಟಿನಲ್ಲಿ ರಂಗೋಲಿ, ಬಾಗಿಲಿಗೆ ಮಾವಿನ ಸೊಪ್ಪು. ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲು ತಳ್ಳಿದರೆ ಎದುರಿನ ಗೋಡೆಯೇ ಕಾಣದಷ್ಟು ಹೊಗೆ.

"ಬನ್ನಿ ಸ್ವಾಮಿ, ಒಳೀಕ್ ಬನ್ನಿ," ಎಂದರು ಅತ್ತೆ, ಕೈಯಲ್ಲಿ ಧೂಪದ ಬಟ್ಟಲು ಹಿಡಿದೇ.

ನನ್ನ ಪಿತ್ತ ನೆತ್ತಿಗೇರಿತು. "ಏನು ಮಾಡಿದಿರಿ ಅತ್ತೆ?"

"ಗಾಳಿ ನೋಡಕ್ ಬತ್ತಾರೆ ಅಂದಲ್ಲಮ್ಮಿ. ಒಳಗೆಲ್ಲಾ ಸಿಮೆಂಟ್ ವಾಸ್ನೆ ಒಡೀತಿತ್ತು. ಇವ್ರು ಫೇಲ್ ಮಾಡ್ಬುಟ್ರೆ ಕೂಸು ಬರಕಿಲ್ವಲ್ಲ ಅಂತ ರೂಮ್ ರೂಮ್ಗೂ ಸಾಂಬ್ರಾಣಿ ಆಕ್ದೆ. ಆಚೀಕ್ ಓಗ್ದಿರ್ಲಿ ಅಂತ ಕಿಟಕೀನೂ ಮುಚ್ಚಿವ್ನಿ."

ಬಂದವರು ಸಂಕೋಚದಿಂದ ಮೆಷಿನ್ ಹಚ್ಚಿ ನೋಡಿದರು. ಅಂಕಿ ಏರುತ್ತಲೇ ಹೋಯಿತು. ಅತ್ತೆ ಅದನ್ನೇ ಬಗ್ಗಿ ನೋಡುತ್ತ, "ಬೋ ಜಾಸ್ತಿ ಬಂತಲ್ವಾ?" ಎಂದರು. ಅವರ ಮುಖದಲ್ಲಿ ಸಂತೋಷವಿತ್ತು.

"ಜಾಸ್ತಿ ಬಂದ್ರೆ ಫೇಲು ಅತ್ತೆ," ಎಂದೆ.

ಇನ್ನೊಂದಷ್ಟು ದಿನ ಕಿಟಕಿ ತೆರೆದಿಡಿ ಮೇಡಂ, ಮುಂದಿನ ತಿಂಗಳು ಬರುತ್ತೇನೆ ಎಂದು ಅವರು ಕಾಫಿಯನ್ನೂ ಕುಡಿಯದೆ ಹೊರಟರು. ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. "ನಾನೇ ಕೂಸ್ನ ತಡೆದ್ಬುಟ್ಟೆ," ಎಂದರು. ನಾನು ಒಳಗೆ ಹೋಗಿ ಒಂದೊಂದೇ ಕಿಟಕಿಯನ್ನು ದಡಬಡ ತೆರೆದೆ. ಆ ಶನಿವಾರ ಮಗಳು ಬಾಗಿಲಲ್ಲಿ ಕೇಳಿದಾಗ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ.

ಅಲ್ಲಿಂದ ಮುಂದೆ ಮನೆ ಅತ್ತೆಯ ವಶವಾಯಿತು. ಧೂಪದ ಬಟ್ಟಲು ಬಾಡಿಗೆ ಮನೆಯಲ್ಲೇ ಉಳಿಯಿತು. ಬೆಳಿಗ್ಗೆ ಹೋಗಿ ಕಿಟಕಿ ತೆರೆದು, ಮೋಡ ಕಂಡರೆ ಓಡಿಹೋಗಿ ಮುಚ್ಚುವವರು ಅವರೇ. ನಲ್ಲಿ ಕೆಲಸದವನು ಬೀಡಿ ಹಚ್ಚಿದ್ದಕ್ಕೆ, "ರೋಡ್ಗೋಗಿ ಸೇದ್ಲಾ, ನಮ್ ಕೂಸು ಬರೋ ಮನೆ ಇದು," ಎಂದು ಅಟ್ಟಿದರು. ತಮ್ಮ ಮಗನೇ ಸೊಳ್ಳೆಬತ್ತಿ ತಂದರೂ ಗೇಟು ದಾಟಿಸಲಿಲ್ಲ. ನಿಯಮ ಓದಿದ್ದ ನನಗಿಂತ ಅವರ ಕಾಟವೇ ಹೆಚ್ಚಾಯಿತು. ಮೆಷಿನ್ನಿನವರು ಮತ್ತೆ ಬಂದಾಗ ಗೇಟಿನಲ್ಲೇ ತಡೆದು, "ಸೆಂಟು ಗಿಂಟು ಆಕಿಲ್ಲ ತಾನೆ ಸ್ವಾಮಿ?" ಎಂದು ವಿಚಾರಿಸಿಯೇ ಒಳಗೆ ಬಿಟ್ಟರು. ನಾನು ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ಅಂಕಿ ಮೇಲೇಳಲಿಲ್ಲ. ಗಾಳಿ ಪಾಸಾಯಿತು.

ಗೃಹಪ್ರವೇಶದ ಹೋಮವನ್ನು ಅಂಗಳದ ಚಪ್ಪರದಲ್ಲೇ ಮಾಡಬೇಕೆಂದು ಪುರೋಹಿತರನ್ನು ಒಪ್ಪಿಸಿದವರೂ ಅತ್ತೆಯೇ. ಒಳಗೆ ಹಾಲುಕ್ಕಿಸಿದ್ದು ಕರೆಂಟಿನ ಒಲೆಯಲ್ಲಿ. ಹೋಮದ ಬೆಂಕಿ ಪೂರ್ತಿ ಆರಿದ ಮೇಲೆ ಮಗಳು ಬರಬೇಕೆಂಬುದು ಅವರ ಅಪ್ಪಣೆ. ಹಾಗೆಯೇ ಮಧ್ಯಾಹ್ನ ಗಂಡ ಅವಳನ್ನು ಕರೆತಂದರು. ಚಪ್ಪಲಿ ಬಿಸಾಡಿ ರೂಮಿನಿಂದ ರೂಮಿಗೆ ಓಡಿದಳು. ನಾನು ಹಿಂದೆಯೇ ಓಡಿದೆ, ಕಿಟಕಿ ತೋರಿಸಲು, ಬೆಟ್ಟ ತೋರಿಸಲು. ಅವಳು ನಡುಮನೆಯಲ್ಲಿ ನಿಂತು ಮೂಗರಳಿಸಿ ಆ ಕಡೆ ಈ ಕಡೆ ಮೂಸಿದಳು. ಮುಖ ಸಪ್ಪಗಾಯಿತು.

"ಅಜ್ಜಿ, ಇದು ನಮ್ಮನೆ ತರ ಇಲ್ಲ."

"ಯಾಕಮ್ಮಿ?"

"ನಿನ್ ವಾಸ್ನೆನೇ ಇಲ್ಲ ಇಲ್ಲಿ."

ನನಗೆ ಅಳು ಬಂತು. ಇಷ್ಟು ದಿನ ನಾನು ಆ ಮನೆಯಿಂದ ಹೊರಗಟ್ಟಿದ್ದು ಆ ಸಾಂಬ್ರಾಣಿ ವಾಸನೆಯನ್ನೇ. ಅತ್ತೆ ಗೋಡೆಗೊರಗಿ ಕೂತು ಅವಳನ್ನು ಮಡಿಲಿಗೆಳೆದುಕೊಂಡರು. ಬೆಳಿಗ್ಗೆ ಹೋಮದ ಮುಂದೆ ಕೂತೆದ್ದ, ಹೊಗೆಯ ವಾಸನೆ ಹಿಡಿದ ಸೀರೆಯೇ ಇನ್ನೂ ಮೈಮೇಲಿತ್ತು. ಸೆರಗಿನ ತುದಿ ಅವಳ ಕೈಗೆ ಕೊಡುವ ಮುಂಚೆ ನನ್ನ ಕಡೆ ನೋಡಿದರು, ಅಪ್ಪಣೆ ಕೇಳುವವರಂತೆ. ನಾನು ತಲೆಯಾಡಿಸಿದೆ.

ಮಗಳು ಸೆರಗಿನಲ್ಲಿ ಮುಖ ಹುದುಗಿಸಿ ಉದ್ದಕ್ಕೆ ಉಸಿರೆಳೆದಳು. ನಾನು ಅಲ್ಲಾಡದೆ ನಿಂತು ಕೇಳಿಸಿಕೊಂಡೆ. ಸಿಳ್ಳೆ ಇರಲಿಲ್ಲ.