ಅನ್ಸಾರನ ಕೈಯಲ್ಲಿ ಕಪ್ಪಾದ ಸ್ಕ್ರೀನ್

ಗಲ್ಫಿನಿಂದ ಯಾರಾದರೂ ಬಂದರೆ ಪೆಟ್ಟಿಗೆ ಬಿಚ್ಚುವುದನ್ನು ನೋಡಲು ಮನೆಮಂದಿಯೆಲ್ಲ ಚಾವಡಿಯಲ್ಲಿ ಸೇರುತ್ತಿದ್ದ ದಿನಗಳವು. ಹಗ್ಗ ಕತ್ತರಿಸಿದ ಕೂಡಲೇ ಸಾಬೂನು, ಅತ್ತರು, ಹಾಲಿನ ಪುಡಿ ಎಲ್ಲ ಬೆರೆತ ಪರಿಮಳ ಹೊರಗೆ ನುಗ್ಗುತ್ತಿತ್ತು. ನಾನು ಏಳನೇ ಕ್ಲಾಸ್ ಮುಗಿಸಿದ ಬೇಸಗೆ ರಜೆಯಲ್ಲಿ ಮಾಮ ದುಬೈಯಿಂದ ಬಂದಾಗ, ಆ ಪೆಟ್ಟಿಗೆಯೊಳಗಿಂದ ನನಗೆಂದೇ ಒಂದು ವಿಡಿಯೋ ಗೇಮ್ ಹೊರಬಂತು. ಎರಡು ಕೈಯಲ್ಲಿ ಹಿಡಿದು ಆಡುವಂಥದ್ದು, ನಡುವೆ ಅಂಗೈ ಅಗಲದ ಸ್ಕ್ರೀನ್. ಬಂದ್ಯೋಡಿನ ನಮ್ಮ ಓಣಿಯಲ್ಲಿ ಅಂಥದ್ದು ಬೇರೆ ಯಾರಲ್ಲೂ ಇರಲಿಲ್ಲ.

ಅದು ನನ್ನದಾಗಿ ಇದ್ದದ್ದು ನಾಲ್ಕೇ ದಿನ. ಐದನೇ ದಿನ ಪಕ್ಕದ ಮನೆಯಿಂದ ದೊಡ್ಡಮ್ಮನ ಮಗ ಅನ್ಸಾರ್ ಬಂದ. ನನಗಿಂತ ಒಂದು ವರ್ಷ ದೊಡ್ಡವನು. "ಒಂದು ರೇಸ್ ಮಾತ್ರ" ಎಂದು ಕಿತ್ತುಕೊಂಡವನು ಮೂರು ರೇಸ್ ಆಡಿದ, ಮೂರರಲ್ಲೂ ಸೋತ. ಕೊನೆಗೆ ಸಿಟ್ಟು ತಡೆಯಲಾರದೆ ಅದನ್ನು ಜಗಲಿಯ ಕಟ್ಟೆಗೆ ಕುಟ್ಟಿದ. ಸ್ಕ್ರೀನ್ ಕಪ್ಪಾಯಿತು. ಕಾರುಗಳ ಸದ್ದು ಮಾತ್ರ ಒಳಗಿನಿಂದ ಕೇಳುತ್ತಲೇ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಅವನು ಒಳಗೆ ಓಡಿದ. "ಮಾಮಾ, ಸಫಿಯಾ ಗೇಮ್ ಬೀಳಿಸಿದಳು!"

"ಸತ್ಯವಾಗಿ ನಾನಲ್ಲ" ಎಂದೆ. ಹೆತ್ತ ಉಮ್ಮನೇ ಕೆನ್ನೆಗೆ ಬಾರಿಸಿದರು. ಅದು ಅಷ್ಟು ನೋಯಲಿಲ್ಲ. ಅಕ್ಕಿರೊಟ್ಟಿಯಂಥ ಪತ್ತಿರ್ ತಿನ್ನುತ್ತಿದ್ದ ಮಾಮ ತಲೆಯೆತ್ತದೆ, "ಹೆಣ್ಣುಮಕ್ಕಳಿಗೆ ಇಂಥದ್ದು ಎಂತಕ್ಕೆ ತಂದೆನೋ. ಅನ್ಸಾರನಿಗೇ ಕೊಡಬೇಕಿತ್ತು" ಎಂದದ್ದು ನೋಯಿತು. ಅನ್ಸಾರ್ ಅವರ ಪಕ್ಕದಲ್ಲೇ ಕೂತು ಮೀನುಸಾರಿಗೆ ಪತ್ತಿರ್ ಅದ್ದುತ್ತಾ ನನ್ನ ಕಡೆ ನೋಡಿ ನಕ್ಕ. ಆ ನಗು ಅಳಿಸದೆ ರಜೆ ಮುಗಿಯಬಾರದು ಎಂದು ಅಲ್ಲೇ ನಿಂತು ನಿಶ್ಚಯಿಸಿದೆ.

ಮರುದಿನ ಗೇಮನ್ನು ಶಾಲಿನಲ್ಲಿ ಸುತ್ತಿಕೊಂಡು ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಸುರೇಶಣ್ಣನ ಅಂಗಡಿಗೆ ಹೋದೆ.

"ಡಿಸ್ಪ್ಲೇ ಹೋಗಿದೆ. ಇದರದ್ದು ಇಲ್ಲಿ ಸಿಕ್ಕುವುದಿಲ್ಲ" ಎಂದರು.

"ಈ ಮೂಲೆ ಒತ್ತಿದರೆ ಸ್ವಲ್ಪ ಮಿಂಚುತ್ತದೆ, ಅಣ್ಣ."

ಅವರು ಒತ್ತಿ ನೋಡಿದರು. "ಹಾಗಾದರೆ ಸ್ಕ್ರೀನ್ ಸತ್ತಿಲ್ಲ ಮಾರಾಯ್ತಿ. ಒಳಗೆ ಸ್ಟ್ರಿಪ್ ಉಂಟು, ಅದು ಜಾರಿರಬೇಕು. ಆದರೆ ನಾನು ಬಿಚ್ಚುವುದಿಲ್ಲ. ಹಾಳಾದರೆ ನಿನ್ನ ಮಾಮನಿಗೆ ಉತ್ತರ ಹೇಳುವುದು ಯಾರು?"

"ನಾನೇ ಬಿಚ್ಚುತ್ತೇನೆ. ಹೇಗೆ ಅಂತ ಹೇಳಿ."

ಅವರು ಒಂದು ಹಳೆ ಫೋನು ಬಿಚ್ಚಿ ತೋರಿಸಿದರು. ಸ್ಕ್ರೀನಿನಿಂದ ಬರುವ ಕಾಗದದಷ್ಟು ತೆಳುವಾದ ಕಂದು ಪಟ್ಟಿ, ಅದು ಹೋಗಿ ಕೂರುವ ಸೀಳು, ಸೀಳಿನ ಮೇಲೆ ಅಕ್ಕಿಕಾಳಿಗಿಂತ ಸಪೂರದ ಲಾಕು. "ಮೊದಲು ಬ್ಯಾಟರಿ ತೆಗೆ. ಲಾಕನ್ನು ಉಗುರಿನಿಂದ ಮೆಲ್ಲ ಎತ್ತು. ಪಟ್ಟಿ ನೇರ ಒಳಗೆ ಹೋಗಬೇಕು, ಓರೆಯಾದರೆ ಚಿತ್ರ ಬರುವುದಿಲ್ಲ. ಮತ್ತೆ ಲಾಕು ಒತ್ತು." ಒಂದು ಸಣ್ಣ ಸ್ಕ್ರೂಡ್ರೈವರನ್ನೂ ಕೊಟ್ಟರು.

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದಾಗ ಮಾಳಿಗೆಯಲ್ಲಿ ಮೈ ಒರೆಸುವ ಬೈರಾಸು ಹಾಸಿ ಕೂತೆ. ಸೆಕೆಗೆ ಹಣೆಯ ಬೆವರು ಗೇಮಿನೊಳಗೆ ಬೀಳದಂತೆ ತಲೆಗೆ ಶಾಲು ಬಿಗಿದುಕೊಂಡಿದ್ದೆ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಪಟ್ಟಿ ಒಂದು ಬದಿಯಲ್ಲಿ ಹೊರಗೆ ಬಂದಿತ್ತು, ಅಷ್ಟೆ. ಮೊದಲ ಸಲ ಕೂರಿಸಿದಾಗ ಸ್ಕ್ರೀನ್ ತುಂಬ ಅಡ್ಡಗೆರೆಗಳು. ಮತ್ತೆ ತೆಗೆದು ತುದಿಯನ್ನು ಹತ್ತಿಬಟ್ಟೆಯಲ್ಲಿ ಒರೆಸಿ ಉಸಿರು ಹಿಡಿದು ತಳ್ಳಿದೆ. ಚಿತ್ರ ಬಂತು. ಕುಣಿಯಬೇಕು ಅನ್ನಿಸಿತು. ಆದರೆ ಕುಣಿಯುವುದಕ್ಕಿಂತ ದೊಡ್ಡ ಆಸೆ ಆಗಲೇ ತಲೆಗೆ ಹತ್ತಿತ್ತು. ಲಾಕು ಒತ್ತದೆ ಹಾಗೇ ಬಿಟ್ಟರೆ?

ಶುಕ್ರವಾರ ಎಲ್ಲರೂ ಚಾವಡಿಯಲ್ಲಿದ್ದಾಗ ಗೇಮನ್ನು ಹುಷಾರಾಗಿ ತಂದೆ. "ಸರಿಯಾಯಿತು ಮಾಮಾ, ನೋಡಿ." ಮಾಮನ ಹುಬ್ಬು ಮೇಲೇರಿತು. "ಅನ್ಸಾರ್, ನೀನೂ ಆಡು" ಎಂದು ಕೈಗೆ ಕೊಟ್ಟೆ. ಅವನಿಗೆ ಆಡುವಾಗ ಕಾರಿನೊಟ್ಟಿಗೆ ಮೈಯೆಲ್ಲ ತಿರುಗಿಸುವ ಅಭ್ಯಾಸ. ಎರಡನೇ ತಿರುವಿನಲ್ಲಿ ಸ್ಕ್ರೀನ್ ಕಪ್ಪಾಯಿತು.

"ನಾನು ಎಂತ ಸಹ ಮಾಡಲಿಲ್ಲ!" ಎಂದು ಅವನು ಕೂಗಿದ. ದೊಡ್ಡಮ್ಮ ಅವನ ಕಿವಿ ಹಿಂಡಿದರು. ನಾನು ಅಳುಮುಖ ಮಾಡಿಕೊಂಡು ಗೇಮನ್ನು ಮಾಳಿಗೆಗೆ ಒಯ್ದು, ಸಂಜೆಗೆ ಸರಿಮಾಡಿ ತಂದೆ.

ಹೀಗೆ ಮೂರು ಸಲ. ನನ್ನ ಕೈಯಲ್ಲಿ ಸರಿ, ಅವನ ಕೈಯಲ್ಲಿ ಕಪ್ಪು. ಮಾಮ ಅವನಿಗೆ ಸೈಕಲ್ ತೆಗೆದುಕೊಡುವುದೆಂದು ಮೊದಲೇ ಮಾತಾಗಿತ್ತು. ಮೂರನೇ ಸಲ ಮಾಮ ಎಂದರು, "ಕೈಗೆ ಕೊಟ್ಟದ್ದನ್ನೆಲ್ಲ ಮುರಿಯುವವನಿಗೆ ಸೈಕಲ್ ಎಂತಕ್ಕೆ? ಬೇಡ." ಅನ್ಸಾರ್ ಗೋಡೆಗೆ ಮುಖ ಮಾಡಿ ಅತ್ತ. "ಸತ್ಯವಾಗಿ ನಾನಲ್ಲ." ನನ್ನದೇ ಮಾತು. ಬೇಸರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ನಾನು ಎರಡು ತಟ್ಟೆ ಊಟ ಮಾಡಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾಲ್ಕನೇ ಸಲ ಬಿಚ್ಚಿದಾಗ ಲಾಕು ಪಟ್ಟೆಂದು ಮುರಿದು ಉಗುರಿಗೇ ಬಂತು. ಪಟ್ಟಿ ಮತ್ತೆ ನಿಲ್ಲಲಿಲ್ಲ. ಸುರೇಶಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ಸಲ ಬಿಚ್ಚಿದ್ದಿ?"

ಮುರಿದ ಲಾಕಿನ ಚೂರನ್ನು ಅವರ ಮೇಜಿನ ಮೇಲಿಟ್ಟೆ.

"ಇದು ಬಿದ್ದು ಹೋದದ್ದಲ್ಲ" ಎಂದರು. "ಇನ್ನು ಆಗುವುದಿಲ್ಲ."

ಸ್ಕ್ರೂಡ್ರೈವರ್ ವಾಪಸು ಇಸಿದುಕೊಂಡರು. ಮನೆಯಲ್ಲಿ ಕೊನೆಗೂ ಮುರಿದವನು ಅನ್ಸಾರನೇ ಎಂದು ತೀರ್ಮಾನವಾಯಿತು. ನಾನು ಸುಮ್ಮನಿದ್ದೆ.

ಹೋದ ವರ್ಷ ನನ್ನ ಮಗು ಹುಟ್ಟಿದಾಗ ಅನ್ಸಾರ್ ನೋಡಲು ಬಂದಿದ್ದ. ಎತ್ತಿಕೋ ಎಂದು ಮಗುವನ್ನು ಚಾಚಿದೆ. ಅವನು ಎರಡೂ ಕೈ ಹಿಂದಕ್ಕೆಳೆದುಕೊಂಡ. "ಬೇಡ ಬೇಡ. ನನ್ನ ಕೈ ಗೊತ್ತಲ್ಲ ನಿನಗೆ, ಯಾವುದೂ ಉಳಿಯುವುದಿಲ್ಲ" ಎಂದು ನಕ್ಕ. ತಮಾಷೆಗಲ್ಲ, ನಂಬಿಯೇ ಹೇಳಿದ. ಮನೆಯ ಬಲ್ಬು ಬದಲಿಸುವುದೂ ಹೆಂಡತಿಯೇ ಅಂತೆ.

ತೆಂಗಿನಮರ ಹತ್ತುತ್ತಿದ್ದ, ಯಾರದೋ ಸ್ಕೂಟರನ್ನು ಸ್ಟಾರ್ಟ್ ಮಾಡಿ ನೋಡುತ್ತಿದ್ದ, ಎಂಥದ್ದಕ್ಕೂ ಕೇಳದೆ ಕೈ ಹಾಕುತ್ತಿದ್ದ ಒಬ್ಬ ಹುಡುಗ ನಮ್ಮ ಓಣಿಯಲ್ಲಿದ್ದ. ಆ ಬೇಸಗೆಯ ನಂತರ ನಾನು ಅವನನ್ನು ಕಂಡದ್ದಿಲ್ಲ. ಲಾಕಿನ ವಿಷಯ ಅವನು ಮಗುವನ್ನು ನೋಡಲು ಬಂದ ದಿನ ಹೇಳಿಬಿಡಬಹುದಿತ್ತು, ನಾಲಗೆಯ ತುದಿಗೂ ಬಂದಿತ್ತು. "ಚಾಯ ಕುಡಿ, ತಣಿಯುತ್ತದೆ" ಎಂದೆ.